ಸಮಾಧಾನದ ಐದು ಡಿಗ್ರಿ

ನಮ್ಮಕ್ಕನ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ನನಗೆ ಪ್ರಾಣಸಂಕಟ. ಎದುರಿಗೆ ಬರುವವರ ಮುಖವನ್ನು ಅವಳು ನೋಡುವುದೇ ಇಲ್ಲ, ಕಾಲು ನೋಡುತ್ತಾಳೆ. "ಈ ಮನುಷ್ಯಂಗೆ ಎಡಗಡೆ ಸೊಂಟ ಹೋಗಿದೆ, ಅವರಿಗಿನ್ನೂ ಗೊತ್ತಾಗಿಲ್ಲ" ಎನ್ನುತ್ತಾಳೆ. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿದ್ದ, ಗುರುತು ಪರಿಚಯವಿಲ್ಲದ ಒಬ್ಬರಿಗೆ "ಒಂದೇ ಕಾಲಿನ ಮೇಲೆ ಭಾರ ಹಾಕ್ಬೇಡಿ" ಎಂದುಬಿಟ್ಟಳು. ಅವರು ದುರುಗುಟ್ಟಿಕೊಂಡು ನೋಡಿದ್ದು ಮಾತ್ರ ನನ್ನನ್ನು. ಅಕ್ಕ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ಫಿಸಿಯೋಥೆರಪಿಸ್ಟ್. ನಾನು ಅವಳ ಒಬ್ಬನೇ ತಮ್ಮ, ಟೈಲರ್. ಇಬ್ಬರದೂ ಮೈ ಅಳೆಯುವ ಕೆಲಸವೇ, ನನ್ನದರಲ್ಲಿ ಯಾರೂ ಕಿರುಚುವುದಿಲ್ಲ ಅಷ್ಟೆ.

ಅವಳ ಕೋಣೆ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಯನ್ನೂ ದಾಟಿ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿದೆ. "ನಡೆಯೋಕಾಗದೋರ ಕೋಣೇನ ಯಾರೋ ಪುಣ್ಯಾತ್ಮರು ಎಲ್ಲಕ್ಕಿಂತ ದೂರದಲ್ಲಿ ಇಟ್ಟಿದಾರೆ" ಎಂದು ಅವಳೇ ನಗುತ್ತಾಳೆ. ಒಳಗೆ ಹಸಿರು ರೆಕ್ಸಿನ್ ಹೊದಿಸಿದ ಎರಡು ಮಂಚಗಳಿವೆ. ಹೊಸದಾಗಿ ಹೆಜ್ಜೆ ಇಡುವವರು ಹಿಡಿದುಕೊಳ್ಳಲು ಎರಡು ಕಂಬಿಗಳಿವೆ. ಮೂಲೆಯಲ್ಲಿ ಮರಳು ತುಂಬಿದ ಚೀಲಗಳು. ಅವುಗಳ ಪಕ್ಕದಲ್ಲಿ ಎಲ್ಲಿಗೂ ಹೋಗದ ಮೂರು ಮರದ ಮೆಟ್ಟಿಲು. ಆ ಮೂರು ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಜನ ಮೂರು ತಿಂಗಳು ಬರುತ್ತಾರೆ. ಹತ್ತು ಸಲ ಕಾಲೆತ್ತಿ ಉಸಿರು ಬಿಡುವ ಹೊತ್ತಿಗೆ ಅಕ್ಕ "ಇನ್ನೊಂದು" ಎನ್ನುತ್ತಾಳೆ. ಆ ಒಂದು ಮುಗಿದ ಮೇಲೆ ಮತ್ತೂ ಒಂದು. ಹಾಗಾಗಿ ಅವಳ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗಿಲ್ಲ. ಎಲ್ಲರ ಬಾಯಲ್ಲೂ ಅವಳು "ಇನ್ನೊಂದು ಮೇಡಂ".

ಇದನ್ನು ತಿಕ್ಕುವ ಕೆಲಸ ಎಂದುಕೊಂಡವರೇ ಹೆಚ್ಚು. ನಮ್ಮ ಬೀದಿಯ ಹೆಂಗಸೊಬ್ಬರು ಎಣ್ಣೆ ಬಾಟಲಿ ಹಿಡಿದುಕೊಂಡು ಬಂದು "ಸ್ವಲ್ಪ ಬೆನ್ನು ತಿಕ್ಕಿಕೊಡಮ್ಮ" ಎಂದಾಗ ಅಕ್ಕ ಬಾಟಲಿಯನ್ನು ಅವರ ಕೈಗೇ ವಾಪಸು ಕೊಟ್ಟು, ಅವರನ್ನು ನೆಲದ ಮೇಲೆ ಮಲಗಿಸಿ, ಇಪ್ಪತ್ತು ಸಲ ಸೊಂಟ ಎತ್ತಿಸಿದಳು. ಆಕೆ ಮತ್ತೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನೋವು ಎಲ್ಲಿಯವರೆಗೆ ಒಳ್ಳೆಯದು, ಎಲ್ಲಿಂದಾಚೆ ಕೆಟ್ಟದ್ದು ಅನ್ನುವುದನ್ನು ಬೆರಳಲ್ಲಿ ತಿಳಿದುಕೊಳ್ಳುವುದೇ ತನ್ನ ವಿದ್ಯೆ ಎನ್ನುತ್ತಾಳೆ ಅವಳು. ಆ ವಿದ್ಯೆಗೆ ಅವಳ ಎರಡೂ ಹೆಬ್ಬೆರಳು ಸವೆದಿವೆ. ಸಂಜೆ ಮನೆಗೆ ಬಂದಮೇಲೆ ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಹೆಂಡತಿಯನ್ನು ಕರೆಯುತ್ತಾಳೆ.

ಅವಳ ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಅಳತೆಪಟ್ಟಿ ಇರುತ್ತದೆ. ಪ್ಲಾಸ್ಟಿಕ್ಕಿನ ಎರಡು ಪಟ್ಟಿ, ನಡುವೆ ತಿರುಗುವ ಒಂದು ಗುಂಡು ಬಿಲ್ಲೆ, ಬಿಲ್ಲೆಯ ಸುತ್ತ ಡಿಗ್ರಿಯ ಗೆರೆಗಳು. ಅದಕ್ಕೊಂದು ಉದ್ದನೆಯ ಹೆಸರಿದೆ, ರೋಗಿಗಳಿಗೆಲ್ಲ ಅದು "ಸ್ಕೇಲು". ಒಂದು ಪಟ್ಟಿಯನ್ನು ತೊಡೆಗೆ, ಇನ್ನೊಂದನ್ನು ಕಣಕಾಲಿಗೆ ಹಿಡಿದರೆ ಮಂಡಿ ಎಷ್ಟು ಬಗ್ಗಿತು ಎಂದು ಗೊತ್ತಾಗುತ್ತದೆ. ಕಾಲು ನೆಟ್ಟಗೆ ಚಾಚಿದರೆ ಸೊನ್ನೆ. ಕುರ್ಚಿಯಲ್ಲಿ ಕೂತಷ್ಟು ಬಗ್ಗಿದರೆ ತೊಂಬತ್ತು. ಹಿಮ್ಮಡಿ ಇನ್ನೂ ಹಿಂದಕ್ಕೆ ಬಂದಷ್ಟೂ ನೂರು, ನೂರಾಹತ್ತು ಎಂದು ಏರುತ್ತದೆ. ಅಕ್ಕ ಪ್ರತಿ ಶನಿವಾರ ಅಳೆದು, ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಹಳದಿ ಕಾರ್ಡಿನಲ್ಲಿ ಅಚ್ಚು ಹಾಕಿದಂಥ ಅಕ್ಷರದಲ್ಲಿ ಬರೆಯುತ್ತಾಳೆ. ಆ ಸಂಖ್ಯೆಗಾಗಿ ಜನ ವಾರವಿಡೀ ಕಾಯುತ್ತಾರೆ.

ಈಗ ಹೇಳುವುದು ನನಗೆ ಗೊತ್ತಾಗಿದ್ದು ಆಮೇಲೆ. ಆದರೂ ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವಳ ಹತ್ತಿರ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬರುತ್ತಿದ್ದರು. ಅವರ ಮಂಡಿ ಎಪ್ಪತ್ತಕ್ಕೆ ಬಂದು ಮೂರು ವಾರದಿಂದ ಅಲ್ಲೇ ಕೂತುಬಿಟ್ಟಿತ್ತು. "ಇನ್ನು ನಾನು ಬರಲ್ಲಮ್ಮ" ಎಂದರು. ಅಂದು ಅಕ್ಕ ಎಪ್ಪತ್ತನ್ನು ನೋಡಿ ಎಪ್ಪತ್ತೈದು ಎಂದಳು. ಆ ದೊಡ್ಡ ಮನುಷ್ಯ ಮಂಚದ ಮೇಲೆ ಕೂತೇ ಅತ್ತುಬಿಟ್ಟರಂತೆ. ಮುಂದಿನ ಶನಿವಾರ ಮಂಡಿ ನಿಜವಾಗಿ ಎಂಬತ್ತು ಬಗ್ಗಿತು. ಅಂದು ಹಿಡಿದ ಚಟ. ಯಾರೇ ಬರಲಿ, ಅವರ ಧೈರ್ಯ ಕುಗ್ಗಿತು ಅನ್ನಿಸಿದ ದಿನದಿಂದ ಐದು ಸೇರಿಸುತ್ತಿದ್ದಳು. ಕೊನೆಯ ವಾರಗಳಲ್ಲಿ ನಿಜವಾದ ಸಂಖ್ಯೆ ಬರೆದ ಸಂಖ್ಯೆಯನ್ನು ಹಿಡಿದುಬಿಡುತ್ತಿತ್ತು. ಚಿಕಿತ್ಸೆ ಮುಗಿಸಿ ಕಳಿಸುವಾಗ ಕೊಡುವ ಬಿಡುಗಡೆಯ ಕಾಗದದಲ್ಲಿ ಅವಳು ಸುಳ್ಳು ಬರೆದಿದ್ದಿಲ್ಲ. ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ಐದು ಡಿಗ್ರಿ ಹೆಚ್ಚು ಕಡಿಮೆ ಬರುವುದು ಸಹಜ ಎಂದು ಅವಳು ಓದಿದ ಪುಸ್ತಕದಲ್ಲೇ ಇದೆಯಂತೆ. ಆ ಒಂದು ಸಾಲಿನ ನೆರಳಲ್ಲಿ ಇಪ್ಪತ್ತೊಂದು ವರ್ಷ ಕಳೆದಳು.

ಹೀಗಿರುವಾಗ ಬಂದವರು ಮೂವತ್ತೆರಡನೇ ನಂಬರ್ ಬಸ್ಸಿನ ಡ್ರೈವರ್. ಐವತ್ತರ ಆಸುಪಾಸಿನ ಕುಳ್ಳ ಆಸಾಮಿ, ಬಾಯಿ ತೆಗೆದರೆ ತಮಾಷೆ. ಡಿಪೋದಲ್ಲಿ ಬಸ್ ತೊಳೆಯುವ ಜಾಗದಲ್ಲಿ ಜಾರಿ ಬಿದ್ದು ಬಲಗಾಲಿನ ಮಂಡಿಚಿಪ್ಪು ಎರಡು ಹೋಳಾಗಿತ್ತು. ಡಾಕ್ಟರು ತಂತಿ ಬಿಗಿದು ಕೂಡಿಸಿದ್ದರು. ಆಮೇಲಿನದು ಅಕ್ಕನ ಪಾಲು. ಮಂಡಿ ನೂರಾಹತ್ತು ಬಗ್ಗುತ್ತದೆಂದು ಥೆರಪಿ ವಿಭಾಗದ ಕಾಗದ ತಂದರೆ ಮಾತ್ರ ಸ್ಟೇರಿಂಗ್, ಇಲ್ಲದಿದ್ದರೆ ಡಿಪೋದ ಗೇಟಿನಲ್ಲಿ ಬಸ್ಸಿನ ನಂಬರ್ ಬರೆದುಕೊಳ್ಳುವ ಕುರ್ಚಿ ಎಂದು ಡಿಪೋದವರು ಹೇಳಿದ್ದರು. "ಆ ಕುರ್ಚಿ ಮೇಲೆ ಕೂತೋರು ವಾಪಸು ಸೀಟಿಗೆ ಬಂದಿದ್ದು ನಾನು ನೋಡಿಲ್ಲ ಮೇಡಂ" ಎಂದು ಡ್ರೈವರ್ ಮೊದಲ ದಿನವೇ ಹೇಳಿದ್ದರು. ಆ ಒಂದು ಮಾತನ್ನು ಮಾತ್ರ ಅವರು ನಗದೆ ಹೇಳಿದ್ದು.

ನಾಲ್ಕು ತಿಂಗಳು ತಪ್ಪದೆ ಬಂದರು. ಎಂಬತ್ತು, ತೊಂಬತ್ತು, ನೂರು. ಒಂದು ಶನಿವಾರ ಸ್ಕೇಲು ನೂರಾ ಐದು ತೋರಿಸಿತು. ಅಕ್ಕ ನೂರಾಹತ್ತು ಎಂದಳು, ಕಾರ್ಡಿನಲ್ಲಿ ಅದನ್ನೇ ಬರೆದಳು. ಇನ್ನೆರಡು ವಾರ ಹೋದರೆ ನಿಜವಾಗಿ ನೂರಾಹತ್ತು ಬರುತ್ತದೆ, ಆಗ ಕಾಗದ ಕೊಟ್ಟರಾಯಿತು ಎಂದು ಅವಳ ಲೆಕ್ಕ. ಭಾನುವಾರ ಅವಳಿಗೆ ಜ್ವರ ಬಂತು. ಒಂದು ವಾರ ಹಾಸಿಗೆ ಬಿಟ್ಟು ಏಳಲಿಲ್ಲ.

ಮುಂದಿನ ಸೋಮವಾರ ಕೆಲಸಕ್ಕೆ ಹೋದಾಗ ಡ್ರೈವರ್ ಬರುವ ಹೊತ್ತಿಗೆ ಮಂಚ ಖಾಲಿ ಇತ್ತು. ಎರಡನೇ ಮಂಚ ನೋಡಿಕೊಳ್ಳುವ ಜೊತೆಯವಳು ಹಿಗ್ಗಿನಿಂದ ಹೇಳಿದಳು: "ನಿಮ್ಮ ಮೂವತ್ತೆರಡು ಡ್ಯೂಟಿಗೆ ಹೋದ್ರು. ಕಾರ್ಡಲ್ಲಿ ನೂರಾಹತ್ತು ಇತ್ತಲ್ಲ, ಹೋದ ಸೋಮವಾರನೇ ಡಿಪೋ ಫಾರಂ ತುಂಬಿ ಸೀಲ್ ಹಾಕಿಸಿಕೊಟ್ಟೆ. ಪಾಪ, ನೀವಿಲ್ಲ ಅಂತ ಬೇಜಾರು ಮಾಡ್ಕೊಂಡ್ರು."

"ನೀನು ಅಳೀಲಿಲ್ವಾ?"

"ನೀವು ಅಳೆದಿದ್ದನ್ನ ನಾನು ಯಾಕೆ ಅಳೀಲಿ?"

ಅಂದು ಸಂಜೆ ಅಕ್ಕ ನೇರವಾಗಿ ನನ್ನ ಅಂಗಡಿಗೆ ಬಂದಳು. ಬಂದವಳು ಕೂರಲಿಲ್ಲ, ಮೆಷಿನ್ನಿನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇಪ್ಪತ್ತೊಂದು ವರ್ಷದ ಗುಟ್ಟನ್ನು ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷದ ಹಿಂದೆ ನನ್ನ ಭುಜ ಹಿಡಿದುಕೊಂಡಾಗ ಇದೇ ಅಕ್ಕ ಇದೇ ಸ್ಕೇಲಿನಲ್ಲಿ ಅಳೆದು "ನೂರಾ ಅರವತ್ತು ಕಣೋ, ಗೆದ್ದುಬಿಟ್ಟೆ" ಎಂದಿದ್ದಳು. ಅದನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆದರೆ ಅವಳ ಮುಖ ನೋಡಿದ ಮೇಲೆ ಅದನ್ನು ಎತ್ತಲು ಮನಸ್ಸಾಗಲಿಲ್ಲ.

"ಬಿಡಕ್ಕ" ಎಂದೆ. "ನಾವೂ ಹೊಟ್ಟೆ ಇರೋರಿಗೆ ಸೊಂಟದ ಅಳತೆ ಹೇಳುವಾಗ ಒಂದಿಂಚು ಕಮ್ಮಿನೇ ಹೇಳ್ತೀವಿ."

"ಬಟ್ಟೆ ಕತ್ತರಿಸುವಾಗ?"

"ಅದು ಸರಿಯಾದ ಅಳತೆಗೇ ಕತ್ತರಿಸ್ತೀವಿ."

"ನಾನು ಹೇಳಿದ ಅಳತೆಗೇ ಕತ್ತರಿಸಿಬಿಟ್ಟಿದಾರೆ ಕಣೋ" ಎಂದಳು. "ಅವರು ಕುಳ್ಳಗಿದಾರೆ. ಸೀಟನ್ನ ಮುಂದಕ್ಕೆ ಎಳ್ಕೊಂಡು ಕೂರ್ತಾರೆ. ಅಷ್ಟು ಹತ್ತಿರದಿಂದ ಪಾದ ಎತ್ತಿ ಬ್ರೇಕ್ ಮೇಲೆ ಇಡ್ಬೇಕಾದ್ರೆ ಮಂಡಿ ಪೂರ್ತಿ ಬಗ್ಗಬೇಕು. ಬಗ್ಗದೆ ಹೋದ್ರೆ?"

ಐದು ಡಿಗ್ರಿಯಿಂದ ಏನಾಗುತ್ತದೆ ಎಂದು ನಾನು ಕೇಳಿದೆ. ಏನೂ ಆಗದೆಯೂ ಇರಬಹುದು, ಅದೇ ತನಗೆ ಗೊತ್ತಿಲ್ಲ ಎಂದಳು. ರಾತ್ರಿ ಊಟಕ್ಕೆ ಕೂತವಳು ತಟ್ಟೆಯನ್ನು ಹಾಗೇ ಸರಿಸಿ ಎದ್ದಳು. "ಅತ್ತಿಗೆಗೆ ಮತ್ತೆ ಜ್ವರ ಬಂತೇನ್ರೀ?" ಎಂದು ನನ್ನ ಹೆಂಡತಿ ಪಿಸುಗುಟ್ಟಿದಳು. ಹೊರಗೆ ಯಾವುದಾದರೂ ದೊಡ್ಡ ಗಾಡಿ ಬ್ರೇಕ್ ಹಾಕಿದ ಸದ್ದು ಕೇಳಿದರೆ ಅಕ್ಕ ಬೆಚ್ಚಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳನ್ನು ನೋಡಿ ನಾನೂ ನೋಡತೊಡಗಿದೆ.

ಮರುದಿನ ಮಧ್ಯಾಹ್ನದ ಮೇಲೆ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಮೂವತ್ತೆರಡನೇ ನಂಬರ್ ಬಸ್ಸಿನ ನಿಲ್ದಾಣಕ್ಕೆ ಹೋದಳು. ಕಣ್ಣಾರೆ ನೋಡದೆ ಯಾರಿಗೂ ಏನೂ ಹೇಳುವುದಿಲ್ಲ ಎಂಬುದು ಅವಳ ಹಟ. ಮುಂದಿನ ಬಾಗಿಲಿನಿಂದ ನಾವು ಹತ್ತುತ್ತಿದ್ದ ಹಾಗೇ ಡ್ರೈವರ್ ಹಿಂದಕ್ಕೆ ತಿರುಗಿ "ಅರೆ, ಇನ್ನೊಂದು ಮೇಡಂ!" ಎಂದು ಕೂಗಿದರು. ಕಂಡಕ್ಟರ್ ಹೆಂಗಸನ್ನು ಕರೆದು "ನೋಡಿ, ನನ್ನ ಕಾಲು ವಾಪಸು ಕೊಡಿಸಿದ್ದು ಇವರೇ" ಎಂದು ಪರಿಚಯಿಸಿದರು. ಹತ್ತಿರದಲ್ಲಿ ಕೂತಿದ್ದ ನಾಲ್ಕು ಜನ ಅಕ್ಕನನ್ನು ನೋಡಿ ಮುಗುಳ್ನಕ್ಕರು. ಯಾರೋ ಎದ್ದು ಡ್ರೈವರ್ ಪಕ್ಕದ ಅಡ್ಡ ಸೀಟು ಬಿಟ್ಟುಕೊಟ್ಟರು. ಅಕ್ಕ ಕೂತಳು, ನಾನು ಕಂಬಿ ಹಿಡಿದು ನಿಂತೆ.

ಬಸ್ ಹೊರಟಿತು. ಅಕ್ಕನ ದೃಷ್ಟಿ ಡ್ರೈವರ್‌ನ ಬಲ ಮಂಡಿ ಬಿಟ್ಟು ಕದಲಲಿಲ್ಲ. ನನಗೇನೋ ಎಲ್ಲ ಸರಿಯಾಗಿಯೇ ಕಂಡಿತು. ನಿಲ್ಲಿಸಬೇಕಾದಲ್ಲಿ ಬಸ್ ನಿಲ್ಲುತ್ತಿತ್ತು, ಜನ ಇಳಿಯುತ್ತಿದ್ದರು, ಹತ್ತುತ್ತಿದ್ದರು. ನಾಲ್ಕನೇ ನಿಲ್ದಾಣ ದಾಟಿದ ಮೇಲೆ ಅಕ್ಕ ನನ್ನ ತೋಳು ಹಿಡಿದು ಬಗ್ಗಿಸಿ ಕಿವಿಯಲ್ಲಿ ಹೇಳಿದಳು: "ಮಂಡಿ ಬಗ್ಗಿಸ್ತಾನೇ ಇಲ್ಲ. ಸೊಂಟ ಎತ್ತಿ ಇಡೀ ಕಾಲನ್ನ ತಂದು ಬ್ರೇಕ್ ಮೇಲೆ ಇಡ್ತಿದಾರೆ."

ಆಮೇಲೆ ನನಗೂ ಕಂಡಿತು. ಬ್ರೇಕ್ ಹಾಕಬೇಕಾದಾಗಲೆಲ್ಲ ಅವರ ಬಲಗಡೆಯ ಸೊಂಟ ಸೀಟಿನಿಂದ ಎರಡು ಬೆರಳಿನಷ್ಟು ಮೇಲೇಳುತ್ತಿತ್ತು. ಒಮ್ಮೆ ಕಂಡಮೇಲೆ ಬೇರೇನೂ ಕಾಣದಾಯಿತು. ಬಸ್ಸಿನಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸಲು ಶುರುಮಾಡಿದೆ. ಐವತ್ತು ದಾಟಿದ ಮೇಲೆ ನಿಲ್ಲಿಸಿದೆ. ಅಕ್ಕನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಅವಳ ಬ್ರೇಕಿನಿಂದ ಬಸ್ ನಿಲ್ಲುತ್ತದೇನೋ ಅನ್ನುವ ಹಾಗೆ.

ಕೊನೆಯ ನಿಲ್ದಾಣಕ್ಕೆ ಇನ್ನು ಎರಡು ನಿಲ್ದಾಣ ಉಳಿದಿತ್ತು. ಕಾರ್ಖಾನೆಯೊಂದರ ಗೇಟಿನಿಂದ ಲಾರಿ ಹಿಂದಕ್ಕೆ ಸರಿಯುತ್ತಾ ರಸ್ತೆಗೆ ಬಂತು. ಡ್ರೈವರ್ ಕಾಲೆತ್ತಿದರು. ಪಾದ ಬ್ರೇಕಿನ ಅಂಚಿಗೆ ತಾಗಿ ಜಾರಿತು. ಮತ್ತೆ ಎತ್ತಿ ಇಟ್ಟರು. ಬಸ್ ಕಿರ್ರೆಂದು ನಿಂತಿತು, ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು, ಯಾರದೋ ಕೈಚೀಲ ಬಿದ್ದು ಈರುಳ್ಳಿ ಉರುಳಿದವು. ಲಾರಿಗೂ ನಮಗೂ ನಡುವೆ ಒಂದು ಗೇಣು ಇದ್ದಿರಬೇಕು. ಯಾರಿಗೂ ಏನೂ ಆಗಲಿಲ್ಲ. ಜನ ಲಾರಿಯವನನ್ನು ಬೈದರು. ಡ್ರೈವರ್ ಕೂಡ "ಕಣ್ಣು ಮನೇಲಿಟ್ಟು ಬಂದಿದೀಯೇನಯ್ಯಾ?" ಎಂದು ಕೂಗಿ ನಕ್ಕರು. ನಗುತ್ತಲೇ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಚಹಾ ಕುಡಿಯಲು ಹೋದರು. ಅಕ್ಕ ಕೈಚೀಲದಿಂದ ಸ್ಕೇಲು ತೆಗೆದಳು.

"ಕಾಲು ಆ ಉದ್ದನೆ ಸೀಟ್ ಮೇಲೆ ಚಾಚಿ. ಅಳೀಬೇಕು."

"ಇಲ್ಲೂ ಬಿಡಲ್ವಾ ಮೇಡಂ?" ಎಂದು ನಗುತ್ತಲೇ ಡ್ರೈವರ್ ಕಾಲು ಚಾಚಿ, ಮಂಡಿಯನ್ನು ಆದಷ್ಟು ಬಗ್ಗಿಸಿದರು. ಅಕ್ಕ ಪಟ್ಟಿ ಹಿಡಿದು ನೋಡಿದಳು. ಇನ್ನೊಮ್ಮೆ ನೋಡಿದಳು.

"ನೂರು" ಎಂದಳು.

"ನೂರಾಹತ್ತಲ್ವಾ?"

"ನೂರಾಹತ್ತು ಯಾವತ್ತೂ ಆಗಿರಲಿಲ್ಲ. ಆವತ್ತು ನೂರಾ ಐದಿತ್ತು. ನಾನು ಐದು ಸೇರಿಸಿ ಹೇಳ್ದೆ. ಮೊದಲಿಂದ ಸೇರಿಸ್ತಾನೇ ಬಂದೆ. ನಿಮಗೆ ಧೈರ್ಯ ಬರ್ಲಿ ಅಂತ."

ಡ್ರೈವರ್ ಬೈಯುತ್ತಾರೆಂದುಕೊಂಡು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವರು ಬೈಯಲಿಲ್ಲ. ಮೆಲ್ಲಗೆ, ತಮಗೇ ಹೇಳಿಕೊಳ್ಳುವವರಂತೆ ಮಾತಾಡಿದರು: "ಮನೇಲಿ ಮಾಡೋದು ನಿಲ್ಸಿಬಿಟ್ಟೆ ಮೇಡಂ. ದಿನಾ ಬೆಳಿಗ್ಗೆ ಹೆಂಡತಿ ಕಾಲು ಬಗ್ಗಿಸ್ರೀ ಅಂತಾಳೆ. ನೂರಾಹತ್ತು ಆಗಿದೆ ಕಣೇ, ಇನ್ನೇನು ಅಂತ ನಾನೇ ಅವಳ ಬಾಯಿ ಮುಚ್ಚಿಸ್ತೀನಿ."

ಅಕ್ಕ ಸ್ಕೇಲನ್ನು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಆ ಐದು ಡಿಗ್ರಿ ಯಾರಿಗೂ ಕೆಡುಕು ಮಾಡಿಲ್ಲ ಎಂದು ಅವಳು ಇಷ್ಟು ವರ್ಷ ನಂಬಿಕೊಂಡಿದ್ದಳು.

"ಮೂರು ವಾರ ಸುಮ್ನಿರಿ" ಎಂದರು ಡ್ರೈವರ್. "ನಾನು ಬಗ್ಗಿಸ್ಕೋತೀನಿ. ಯಾರಿಗೂ ಹೇಳ್ಬೇಡಿ. ಗೇಟಲ್ಲಿ ಕೂರಿಸಿದ್ರೆ ನನ್ನ ಕಥೆ ಮುಗೀತು."

"ಲಾರಿ ಹತ್ರ ನೀವು ಎರಡು ಸಲ ಕಾಲಿಟ್ರಿ."

"ಎಲ್ರಿಗೂ ಜಾರುತ್ತೆ."

"ಎರಡು ಸಲ ಇಟ್ರಿ" ಎಂದಳು ಅಕ್ಕ. "ನಾನು ನಾಳೆ ಬರೆದು ಕೊಡ್ತೀನಿ. ತಪ್ಪು ನನ್ನದು ಅಂತಾನೇ ಬರೀತೀನಿ. ಆದ್ರೆ ಬರೀದೆ ಇರಲ್ಲ."

"ತಪ್ಪು ನಿಮ್ಮದು, ಕುರ್ಚಿ ನನ್ನದು" ಎಂದರು ಅವರು.

ಡ್ರೈವರ್ ಎದ್ದು, ಕನ್ನಡಿಗೆ ಸಿಕ್ಕಿಸಿದ್ದ ತಮ್ಮ ಟವೆಲ್ ತೆಗೆದುಕೊಂಡು, ಬಸ್ಸಿನ ಮೆಟ್ಟಿಲನ್ನು ಒಂದೊಂದಾಗಿ ಇಳಿದರು. ನಿಲ್ದಾಣದ ಕಿಟಕಿಯಲ್ಲಿ ಕೂತಿದ್ದವರಿಗೆ ಕಾಲು ನೋಯುತ್ತಿದೆ, ಬೇರೆಯವರನ್ನು ಕಳಿಸಿ ಎಂದು ಹೇಳುವುದು ನಮಗೂ ಕೇಳಿಸಿತು. ನಮ್ಮ ಕಡೆ ತಿರುಗಿ ನೋಡದೆ ಹೋದರು. ಅಕ್ಕನೂ ನಾನೂ ಅಲ್ಲಿಂದ ಮನೆಯವರೆಗೆ ನಡೆದೇ ಬಂದೆವು. ಅಷ್ಟು ದೂರದಲ್ಲಿ ಅವಳು ಯಾರೊಬ್ಬರ ಕಾಲನ್ನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎರಡು ಪುಟದ ಕಾಗದ ಬರೆದು ಮೇಲಿನವರಿಗೆ ಕೊಟ್ಟಳು. ಅವಳಿಗೆ ಲಿಖಿತ ಎಚ್ಚರಿಕೆ ಬಂತು. ಇನ್ನು ಮುಂದೆ ಅವಳು ಅಳೆದದ್ದನ್ನೆಲ್ಲ ಜೊತೆಯವಳು ಮತ್ತೊಮ್ಮೆ ಅಳೆದು ಸಹಿ ಹಾಕಬೇಕು ಎಂದು ಆದೇಶವಾಯಿತು. ಬರುತ್ತಿದ್ದ ನಲವತ್ತೊಂದು ಜನರಿಗೂ ಅವಳೇ ಎದುರು ನಿಂತು ನಿಜವಾದ ಸಂಖ್ಯೆ ಹೇಳಿದಳು. ಇಬ್ಬರು ಬರುವುದನ್ನೇ ಬಿಟ್ಟರು. ಒಬ್ಬಾಕೆ ಬಿಕ್ಕಿ ಬಿಕ್ಕಿ ಅತ್ತರು. ಒಬ್ಬ ಅಜ್ಜಿ ಮಾತ್ರ "ನಂಗೆ ಮೊದ್ಲೇ ಡೌಟಿತ್ತು ಕಣಮ್ಮ, ನೀನು ಹೇಳೋ ನಂಬರು ನನ್ನ ಕಾಲಿಗಿಂತ ಬೇಗ ಓಡ್ತಿತ್ತು" ಎಂದು ನಕ್ಕರಂತೆ. ಡ್ರೈವರ್ ಗೇಟಿನ ಕುರ್ಚಿಗೆ ಹೋದ ಸುದ್ದಿ ಬಂತು. ಥೆರಪಿಗೆ ಬರಲಿಲ್ಲ. ಒಂದು ವಾರ, ಎರಡು ವಾರ. ಮಂಡಿ ಹೀಗೆ ಬಿಟ್ಟರೆ ಇನ್ನೂ ಬಿಗಿಯುತ್ತದೆ, ಆಮೇಲೆ ದೇವರೇ ಬಂದರೂ ಬಗ್ಗುವುದಿಲ್ಲ ಎಂದು ಅಕ್ಕ ಮನೆಯಲ್ಲಿ ದಿನಾ ಗೊಣಗುತ್ತಿದ್ದಳು. ಎರಡು ಸಲ ಡಿಪೋ ಗೇಟಿನವರೆಗೆ ಹೋಗಿ, ಒಳಗೆ ಕಾಲಿಡಲು ಧೈರ್ಯ ಸಾಲದೆ ವಾಪಸು ಬಂದಳು.

ಮೂರನೇ ಶನಿವಾರ ನಾನು ನನ್ನ ಭುಜ ಅಳೆಸಲು ಅವಳ ಕೋಣೆಗೆ ಹೋಗಿದ್ದೆ. ನೂರಾ ಅರವತ್ತೋ ನೂರಾ ಐವತ್ತೈದೋ, ಒಂದು ಇತ್ಯರ್ಥವಾಗಲಿ ಎಂದು. ಮಂಚದ ಮೇಲೆ ಕೂತು ಕೈ ಎತ್ತುವಷ್ಟರಲ್ಲಿ ಕಾರಿಡಾರಿನಲ್ಲಿ ಹೆಜ್ಜೆ ಸದ್ದಾಯಿತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಅಕ್ಕ ನನ್ನ ಕೈಯನ್ನು ಗಾಳಿಯಲ್ಲೇ ಬಿಟ್ಟು ಬಾಗಿಲಿಗೆ ತಿರುಗಿದಳು. ಸದ್ದಿನಲ್ಲೇ ಅವಳಿಗೆ ಗೊತ್ತಾಗಿತ್ತು.

ಡ್ರೈವರ್ ಒಳಗೆ ಬಂದು, ಇನ್ನೊಂದು ಮಂಚದ ಮೇಲೆ ಕಾಲು ಚಾಚಿ, ಮಂಡಿಯನ್ನು ಆದಷ್ಟು ಬಗ್ಗಿಸಿದರು. ಅಕ್ಕ ಸ್ಕೇಲು ಹಿಡಿದಳು.

"ಈ ಕಡೆ ತಿರುಗಿಸಿ ಹಿಡೀರಿ" ಎಂದರು. "ನಾನೂ ಓದ್ತೀನಿ."

ಅಕ್ಕ ತಿರುಗಿಸಿ ಹಿಡಿದಳು. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ಗೆರೆಗಳನ್ನು ನೋಡಿದರು. ಜೊತೆಯವಳೂ ಬಂದು ಬಗ್ಗಿದಳು. ಮೂರು ತಲೆಗಳು ಒಂದು ಮಂಡಿಯ ಮೇಲೆ ಬಗ್ಗಿದ್ದವು.

"ತೊಂಬತ್ತಾರು" ಎಂದಳು ಅಕ್ಕ.

"ತೊಂಬತ್ತಾರೇ" ಎಂದರು ಡ್ರೈವರ್. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ನೂರಾಹತ್ತು ಆಗುತ್ತಾ ಮೇಡಂ?"

ಇಂಥ ಪ್ರಶ್ನೆಗೆ ಆ ಕೋಣೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಒಂದೇ ಉತ್ತರ ಇತ್ತು: ಆಗದೆ ಏನು, ಇನ್ನೆರಡು ವಾರ. ಅಕ್ಕನ ತುಟಿ ಅದಕ್ಕೇ ತೆರೆದದ್ದನ್ನು ನಾನು ನೋಡಿದೆ. ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ಕೂತಿದ್ದೆ.

"ಗೊತ್ತಿಲ್ಲ" ಎಂದಳು.

ಡ್ರೈವರ್ ಎರಡೂ ಕೈಯಿಂದ ಮಂಚದ ಅಂಚು ಹಿಡಿದು, ಹಲ್ಲು ಕಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳತೊಡಗಿದರು. ಅಕ್ಕ ತನ್ನ ಸವೆದ ಹೆಬ್ಬೆರಳನ್ನು ಅವರ ಮಂಡಿಚಿಪ್ಪಿನ ಪಕ್ಕದಲ್ಲಿಟ್ಟು, ಎಣಿಸಲು ಶುರುಮಾಡಿದಳು.